ಹೆಡೆಯ ನೆರಳಲ್ಲಿ ಕಪ್ಪೆ: ಪುಟ್ಟ ಪ್ರಾಣಿಗಳ ಡಿಜಿಟಲ್ ಚಿತ್ರದಲ್ಲಿ ಸಂಕೇತಗಳ ಮೂಲಕ ಕಥೆ ಹೇಳುವ ಸಮಗ್ರ ಮಾರ್ಗದರ್ಶಿ

ಪುಟ್ಟ ಪ್ರಾಣಿಯೊಂದನ್ನು ಮುದ್ದಾಗಿ ಬರೆಯುವುದು ಒಂದು ಕೆಲಸ. ಆ ಪ್ರಾಣಿಯ ಮೂಲಕ ನೋಡುಗನ ಮನಸ್ಸಿನಲ್ಲಿ ಒಂದು ಕಥೆ ಬಿಚ್ಚಿಕೊಳ್ಳುವಂತೆ ಮಾಡುವುದು ಬೇರೆಯೇ ಕೆಲಸ. ಇಲಿಯ ತಲೆಯ ಮೇಲೊಂದು ಕಿರೀಟ, ಕೈಯಲ್ಲಿ ಬೀಗದ ಕೈ, ಪಕ್ಕದಲ್ಲಿ ಮರಳು ಗಡಿಯಾರ, ಹಿಂದೆ ಬಾಡಿದ ಹೂವು ಎಂದು ಅರ್ಥವುಳ್ಳ ವಸ್ತುಗಳನ್ನು ಜೋಡಿಸುತ್ತ ಹೋದರೆ ಸಿಗುವುದು ವಸ್ತುಗಳ ಪಟ್ಟಿ ಮಾತ್ರ. ಪ್ರಾಣಿಗೂ ವಸ್ತುವಿಗೂ ನಡುವೆ ಏನಾದರೂ ನಡೆದಾಗ ಮಾತ್ರ ಆ ವಸ್ತು ಸಂಕೇತವಾಗುತ್ತದೆ. ಡಚ್ ಕಲಾವಿದ ಕರೇಲ್ ಫಾಬ್ರಿಟಿಯಸ್ 1654ರಲ್ಲಿ ಬರೆದ ಗೋಲ್ಡ್‌ಫಿಂಚ್ ಹಕ್ಕಿಯ ಚಿತ್ರದಲ್ಲಿ ಇರುವುದು ಒಂದು ಬೋಳು ಗೋಡೆ, ಹಕ್ಕಿ ಕೂರುವ ಪೆಟ್ಟಿಗೆ, ಮತ್ತು ಹಕ್ಕಿಯ ಕಾಲಿಗೆ ಬಿಗಿದ ಒಂದು ತೆಳುವಾದ ಸರಪಳಿ. ಸರಪಳಿ ಗೋಡೆಗೆ ನೇತುಬಿದ್ದಿದ್ದರೆ ಅದು ಬರಿಯ ಲೋಹ. ಕಾಲಿಗೆ ಬಿಗಿದಿರುವುದರಿಂದ ಹಕ್ಕಿಯ ಇಡೀ ಬದುಕು ಅದರಲ್ಲಿ ಕಾಣುತ್ತದೆ.

ಈ ಬರಹದಲ್ಲಿ ಒಂದೇ ಚಿತ್ರವನ್ನು ಆಯ್ಕೆಯಿಂದ ಅಂತಿಮ ಫೈಲಿನವರೆಗೆ ಕಟ್ಟುತ್ತ ಹೋಗುತ್ತೇನೆ. ಡಿಜಿಟಲ್ ಚಿತ್ರಕಲೆಯ ಮೊದಲ ಪಾಠಗಳು, ಅಂದರೆ ಲೇಯರ್, ಬ್ರಷ್, ಒಪಾಸಿಟಿ ಎಂದರೇನು ಎಂಬುದು ಓದುಗರಿಗೆ ಗೊತ್ತಿದೆ ಎಂದುಕೊಂಡಿದ್ದೇನೆ. ಕ್ರಿತಾ, ಪ್ರೊಕ್ರಿಯೇಟ್, ಫೋಟೋಶಾಪ್, ಕ್ಲಿಪ್ ಸ್ಟುಡಿಯೋ, ಇವುಗಳಲ್ಲಿ ಯಾವುದಾದರೂ ಸರಿ. ಹಣ ಕೊಡದೆ ಆರಂಭಿಸಬೇಕೆನ್ನುವವರಿಗೆ ಕ್ರಿತಾ ಉಚಿತವಾಗಿ ಸಿಗುತ್ತದೆ. ಆ ತಂತ್ರಾಂಶವನ್ನು ಪ್ರತಿನಿಧಿಸುವ ಪಾತ್ರವೇ (ಮ್ಯಾಸ್ಕಾಟ್) ಕಿಕಿ ಎಂಬ ಹೆಸರಿನ ಅಳಿಲು ಎನ್ನುವುದು ನಮ್ಮ ವಿಷಯಕ್ಕೆ ಒಳ್ಳೆಯ ಶಕುನ.

ಕಥೆಯನ್ನು ಆರಿಸುವುದು

ನಮ್ಮಲ್ಲಿ ಪುಟ್ಟ ಪ್ರಾಣಿಗಳ ಕಥೆಗಳಿಗೆ ಬರವಿಲ್ಲ. ಸೇತುವೆಗೆ ಮರಳು ಹೊತ್ತ ಅಳಿಲು ಇದೆ. ಹಕ್ಕ ಬುಕ್ಕರ ಬೇಟೆನಾಯಿಗಳ ಮೇಲೆ ತಿರುಗಿಬಿದ್ದು, ವಿಜಯನಗರಕ್ಕೆ ಸ್ಥಳ ತೋರಿಸಿತೆಂದು ಐತಿಹ್ಯ ಹೇಳುವ ಮೊಲ ಇದೆ. ಚಂದ್ರನೊಳಗೆ ಕುಳಿತ ಮೊಲ ಇನ್ನೊಂದು. ಗಾದೆಗಳಿಗೆ ಬಂದರೆ ಬೆಕ್ಕಿನ ಚೆಲ್ಲಾಟದಲ್ಲಿ ಪ್ರಾಣಸಂಕಟಕ್ಕೆ ಸಿಕ್ಕ ಇಲಿ, ಬಾವಿಯನ್ನೇ ಲೋಕವೆಂದುಕೊಂಡ ಕಪ್ಪೆ, ಹೀಗೆ ಸಾಲು ಬೆಳೆಯುತ್ತದೆ. ಇವುಗಳಲ್ಲಿ ಯಾವುದು ಚಿತ್ರಕ್ಕೆ ಒದಗುತ್ತದೆ ಎಂದು ತೀರ್ಮಾನಿಸಲು ನಾನು ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳುತ್ತೇನೆ: ಕಥೆಯ ತಿರುಳು ಕಣ್ಣಿಗೆ ಕಾಣುವ ಒಂದು ಭಂಗಿಯಲ್ಲಿ ಇದೆಯೇ, ಮತ್ತು ಆ ಭಂಗಿಯಲ್ಲಿ ಒಂದು ಎಳೆದಾಟ ಇದೆಯೇ. ಅಳಿಲಿನ ಕಥೆ ಮೊದಲ ಪ್ರಶ್ನೆಯನ್ನು ದಾಟುತ್ತದೆ, ಎರಡನೆಯದರಲ್ಲಿ ಸೋಲುತ್ತದೆ. ಸೇವೆ ಮಾಡುವ ಅಳಿಲಿಗೆ ಚಿತ್ರದೊಳಗೆ ಅಡ್ಡ ನಿಂತವರು ಯಾರೂ ಇಲ್ಲ, ಹೀಗಾಗಿ ಅದು ಬೇಗನೆ ಶುಭಾಶಯ ಪತ್ರವಾಗಿಬಿಡುತ್ತದೆ. ಹಂಪಿಯ ಮೊಲದಲ್ಲಿ ಎಳೆದಾಟ ಹೇರಳವಾಗಿದೆ, ಆದರೆ ಅದನ್ನು ತೋರಿಸಲು ನಾಯಿಗಳ ಓಟ, ಬೇಟೆಗಾರರು, ಬಂಡೆಗಳು ಎಲ್ಲವೂ ಬೇಕಾಗುತ್ತವೆ.

ಶೃಂಗೇರಿಯ ಕಪ್ಪೆಯ ಐತಿಹ್ಯ ಎರಡೂ ಪ್ರಶ್ನೆಗಳಿಗೆ ಉತ್ತರಿಸುತ್ತದೆ. ತುಂಗಾ ತೀರದಲ್ಲಿ, ಸುಡುವ ಬಿಸಿಲಿನಲ್ಲಿ ಪ್ರಸವವೇದನೆಯಿಂದ ಬಳಲುತ್ತಿದ್ದ ಕಪ್ಪೆಯೊಂದಕ್ಕೆ ನಾಗರಹಾವು ಹೆಡೆಯೆತ್ತಿ ನೆರಳು ನೀಡಿದ್ದನ್ನು ಆದಿ ಶಂಕರಾಚಾರ್ಯರು ಕಂಡರೆಂದೂ, ಹುಟ್ಟುವೈರಿಗಳ ನಡುವೆಯೂ ಕರುಣೆ ಇರುವ ಈ ನೆಲವೇ ಪೀಠಕ್ಕೆ ತಕ್ಕದ್ದೆಂದು ನಿರ್ಧರಿಸಿದರೆಂದೂ ಕಥೆ ಹೇಳುತ್ತದೆ. ನದಿಯ ಮೆಟ್ಟಿಲುಗಳ ಬಳಿ ಇದರ ನೆನಪಿಗೆ ಕಪ್ಪೆ ಶಂಕರ ಎಂಬ ಪುಟ್ಟ ಗುಡಿಯಿದೆ. ಕಪ್ಪೆಗಳು ಮೊಟ್ಟೆಯಿಡುವ ಜೀವಿಗಳು, ಪ್ರಸವವೇದನೆ ಎಲ್ಲಿಂದ ಬಂತು ಎಂದು ಜೀವಶಾಸ್ತ್ರ ಬಲ್ಲವರು ಕೇಳಬಹುದು. ಉಬ್ಬಿದ ಹೊಟ್ಟೆಯ ಹೆಣ್ಣು ಕಪ್ಪೆಯನ್ನು ಬರೆದರೆ ಐತಿಹ್ಯಕ್ಕೂ ವಿಜ್ಞಾನಕ್ಕೂ ಚಿತ್ರದಲ್ಲಿ ಜಗಳವಾಗುವುದಿಲ್ಲ.

ಯಾವ ಕ್ಷಣ, ಯಾರಿಲ್ಲದ ಕ್ಷಣ

ಈ ಕಥೆಯನ್ನು ಇಡಿಯಾಗಿ ಬರೆಯುವ ಆಸೆ ಮೊದಲು ಹುಟ್ಟುತ್ತದೆ: ಎಡಕ್ಕೆ ಹಾವು, ಬಲಕ್ಕೆ ಕಪ್ಪೆ, ಹಿಂದೆ ನದಿ, ದೂರದಲ್ಲಿ ಆಚಾರ್ಯರು. ಹಾಗೆ ಬರೆದರೆ ಕಥೆ ಗೊತ್ತಿದ್ದವರು ಗುರುತು ಹಿಡಿಯುತ್ತಾರೆ, ಗೊತ್ತಿಲ್ಲದವರು ಹಾವು ಕಪ್ಪೆಯನ್ನು ನುಂಗಲಿದೆ ಎಂದು ತಿಳಿಯುತ್ತಾರೆ. ಸಂಕೇತದ ಚಿತ್ರಕ್ಕೆ ಇದರಲ್ಲಿ ಯಾವುದೂ ಸಾಲದು.

ನನ್ನ ಸಲಹೆಯೆಂದರೆ ಹಾವನ್ನೇ ಚೌಕಟ್ಟಿನಿಂದ ಹೊರಗೆ ಹಾಕಿ, ಅದರ ಹೆಡೆಯ ನೆರಳನ್ನು ಮಾತ್ರ ಉಳಿಸಿಕೊಳ್ಳುವುದು. ಆಗ ಚಿತ್ರದಲ್ಲಿ ಇರುವುದು ಬಿಸಿಲಿಗೆ ಬೆಂದ ಮರಳು, ಅದರ ಮೇಲೆ ಹೆಡೆಯ ಆಕಾರದ ಒಂದು ನೆರಳು, ಆ ನೆರಳಿನೊಳಗೆ ಒಂದು ಕಪ್ಪೆ. ನೋಡುಗ ಮೊದಲು ನೆರಳನ್ನು ಬೆದರಿಕೆಯೆಂದು ಓದುತ್ತಾನೆ, ಏಕೆಂದರೆ ಹೆಡೆಯ ಆಕಾರ ಅಷ್ಟು ಬಲವಾದದ್ದು. ಆಮೇಲೆ ಚಿತ್ರದ ಒಳಗಿನ ಸಾಕ್ಷ್ಯಗಳು ಒಂದೊಂದಾಗಿ ಕಣ್ಣಿಗೆ ಬಿದ್ದು, ಅದೇ ನೆರಳು ಆಸರೆಯಾಗಿ ಬದಲಾಗುತ್ತದೆ. ಈ ಬದಲಾವಣೆಯೇ ನಮ್ಮ ಕಥೆ. ಮುಂದಿನ ಎಲ್ಲ ಹಂತಗಳೂ ಆ ಸಾಕ್ಷ್ಯಗಳನ್ನು ಎಲ್ಲಿ, ಯಾವ ಕ್ರಮದಲ್ಲಿ ಇಡಬೇಕು ಎಂಬುದನ್ನು ಕುರಿತವು.

ಬ್ರಷ್ ಹಿಡಿಯುವ ಮೊದಲು ಈ ಕಥೆಯನ್ನು ಒಂದು ವಾಕ್ಯದಲ್ಲಿ ಬರೆದಿಟ್ಟುಕೊಳ್ಳಬೇಕು: ಕೊಲ್ಲಬಲ್ಲವನ ನೆರಳಿನಲ್ಲಿ ಪುಟ್ಟ ಜೀವವೊಂದು ತಂಪಾಗಿ ಕುಳಿತಿದೆ. ವಾಕ್ಯದಲ್ಲಿ ಇಲ್ಲದ ಯಾವುದೂ ಚಿತ್ರದಲ್ಲಿ ಇರಬಾರದು ಎಂಬ ನಿಯಮ ಕಠಿಣವೆನಿಸಬಹುದು, ಆದರೆ ಆಮೇಲೆ ನದಿ ಬೇಕೇ, ಗೋಪುರ ಬೇಕೇ, ಹೂವು ಬೇಕೇ ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಅಲ್ಲಿಯೇ ಸಿಗುತ್ತದೆ.

ಸಂಕೇತಗಳನ್ನು ತೂಗಿ ನೋಡುವುದು

ಒಂದೇ ಪ್ರಾಣಿ ಬೇರೆ ಬೇರೆ ಕಡೆಗಳಲ್ಲಿ ಬೇರೆ ಬೇರೆ ಅರ್ಥ ಹೊತ್ತಿರುತ್ತದೆ. ನಮ್ಮ ಹಳ್ಳಿಗಳಲ್ಲಿ ಗೂಬೆ ಅಪಶಕುನ. ಬಂಗಾಳದಲ್ಲಿ ಅದು ಲಕ್ಷ್ಮಿಯ ವಾಹನ. ಯುರೋಪಿನಲ್ಲಿ ಜ್ಞಾನದ ಗುರುತು. ಕಪ್ಪೆಗೂ ನಮ್ಮಲ್ಲೇ ಎರಡು ಬಲವಾದ ಅರ್ಥಗಳಿವೆ: ಮಳೆ ಬಾರದಿದ್ದಾಗ ಕಪ್ಪೆ ಮದುವೆ ಮಾಡಿಸುವವರಿಗೆ ಅದು ಮಳೆಯ ದೂತ, ಗಾದೆಯಲ್ಲಿ ಅದು ಸಂಕುಚಿತ ಬುದ್ಧಿಯ ರೂಪಕ. ನಮ್ಮ ಚಿತ್ರದಲ್ಲಿ ಈ ಎರಡೂ ಅರ್ಥಗಳು ತಲೆಯೆತ್ತಬಾರದು. ಆದ್ದರಿಂದ ಮೋಡ ಬೇಡ, ಬಾವಿಯಂತೆ ಕಾಣುವ ಯಾವ ವೃತ್ತಾಕಾರವೂ ಬೇಡ. ಕಮಲದ ಎಲೆಯೂ ಬೇಡ, ಏಕೆಂದರೆ ಕಮಲದ ಎಲೆಯ ಮೇಲಿನ ಕಪ್ಪೆ ಅಷ್ಟು ಸವೆದ ಚಿತ್ರ.

ಇನ್ನು ಹೆಡೆ. ಈ ನೆಲದ ನೋಡುಗರಿಗೆ ತಲೆಯ ಮೇಲಿನ ಹೆಡೆ ಛತ್ರಿಯಾಗಿ ಕಾಣುವ ಅಭ್ಯಾಸ ಬಹಳ ಹಳೆಯದು. ಬಸದಿಗಳಲ್ಲಿ ಪಾರ್ಶ್ವನಾಥನ ತಲೆಯ ಮೇಲೆ, ಅನಂತಶಯನ ವಿಷ್ಣುವಿನ ಮೇಲೆ, ಬೌದ್ಧ ಶಿಲ್ಪಗಳಲ್ಲಿ ಮುಚಲಿಂದ ನಾಗ ಬುದ್ಧನ ಮೇಲೆ ಹೆಡೆ ಬಿಚ್ಚಿ ನಿಂತಿರುವುದನ್ನು ನಾವು ನೋಡಿದ್ದೇವೆ. ಆದರೆ ಈ ಎಲ್ಲ ಶಿಲ್ಪಗಳಲ್ಲಿ ಕಾಪಾಡಲ್ಪಡುವವನು ದೊಡ್ಡವನು. ನಮ್ಮ ಚಿತ್ರದಲ್ಲಿ ಆ ಸ್ಥಾನಕ್ಕೆ ಆರು ಸೆಂಟಿಮೀಟರ್ ಉದ್ದದ ಒಂದು ಕಂದು ಕಪ್ಪೆಯನ್ನು ಕೂರಿಸುತ್ತಿದ್ದೇವೆ. ಹಳೆಯ ಬಿಂಬವನ್ನು ಪುಟ್ಟ ಪ್ರಾಣಿಗೆ ತೊಡಿಸಿದಾಗ ಹುಟ್ಟುವ ಅರ್ಥ ಎಷ್ಟು ತೀಕ್ಷ್ಣವಾಗಬಲ್ಲದು ಎಂಬುದಕ್ಕೆ ಮಾಮಲ್ಲಪುರದ 7ನೇ ಶತಮಾನದ ಬಂಡೆಗೆತ್ತನೆಯೇ ಸಾಕ್ಷಿ. ಅಲ್ಲಿ ಮೇಲೆ ತಪಸ್ವಿಯೊಬ್ಬ ಒಂಟಿಕಾಲಿನಲ್ಲಿ ಕೈಗಳನ್ನೆತ್ತಿ ನಿಂತಿದ್ದರೆ, ಕೆಳಗೆ ಬೆಕ್ಕೊಂದು ಹಿಂಗಾಲಿನ ಮೇಲೆ ನಿಂತು ಮುಂಗಾಲುಗಳನ್ನು ತಲೆಯ ಮೇಲೆತ್ತಿದೆ, ಸುತ್ತ ಇಲಿಗಳಿವೆ. ಬೆಕ್ಕಿನ ಕೈಗೆ ಜಪಮಾಲೆ ಕೊಡುವ ಅಗತ್ಯ ಶಿಲ್ಪಿಗೆ ಬೀಳಲಿಲ್ಲ. ದೊಡ್ಡ ಆಕೃತಿಯ ಭಂಗಿಯನ್ನು ಸಣ್ಣ ಆಕೃತಿ ಅನುಕರಿಸಿದ್ದೇ ಸಾಕಾಯಿತು.

ಪ್ರಾಣಿಯ ದೇಹವನ್ನು ಅರಿಯುವುದು

ಸಂಕೇತದ ಭಾರ ಹೊರುವ ಪ್ರಾಣಿ ಮೊದಲು ಪ್ರಾಣಿಯಾಗಿ ನಂಬುವಂತಿರಬೇಕು. ಕಪ್ಪೆಯ ಮುಂಗಾಲಿಗೆ ನಾಲ್ಕು ಬೆರಳು, ಹಿಂಗಾಲಿಗೆ ಐದು. ಬೆರಳುಗಳ ನಡುವಿನ ಪೊರೆ ಹಿಂಗಾಲಿನಲ್ಲಿ ಎದ್ದು ಕಾಣುತ್ತದೆ. ಕಣ್ಣಿನ ಹಿಂದೆ ದುಂಡಗೆ ಕಾಣುವುದು ಕಿವಿಯ ತಮಟೆ. ಕುಳಿತ ಕಪ್ಪೆಯ ಬೆನ್ನು ನಯವಾದ ಕಮಾನಲ್ಲ. ಸೊಂಟದ ಮೂಳೆ ಬೆನ್ನೆಲುಬಿಗೆ ಸೇರುವ ಜಾಗದಲ್ಲಿ ಒಂದು ಸ್ಪಷ್ಟವಾದ ಗೂನು ಇರುತ್ತದೆ, ಅದನ್ನು ಬಿಟ್ಟರೆ ಕಪ್ಪೆ ರಬ್ಬರಿನ ಗೊಂಬೆಯಾಗುತ್ತದೆ. ನಮ್ಮ ಹೆಚ್ಚಿನ ಕಪ್ಪೆಗಳ ಕಣ್ಣಿನ ಪಾಪೆ ಅಡ್ಡಕ್ಕೆ ಹಿಗ್ಗಿದ ಅಂಡಾಕಾರದ್ದು. ದುಂಡನೆಯ ಪಾಪೆ ಬರೆದರೆ ಕಣ್ಣು ಮನುಷ್ಯನದ್ದಾಗಿ ಬಿಡುತ್ತದೆ.

ಕಥೆಗೆ ಒದಗುವ ಅಂಶವೊಂದು ಇಲ್ಲಿದೆ. ಕಪ್ಪೆಗೆ ನಮ್ಮಂತೆ ತಿರುಗಿಸಬಲ್ಲ ಕುತ್ತಿಗೆಯಿಲ್ಲ, ತಲೆಯನ್ನಷ್ಟೇ ಎತ್ತಿ ಮೇಲೆ ನೋಡಲಾರದು. ಆದರೆ ಕಣ್ಣುಗಳು ನೆತ್ತಿಯ ಮೇಲೆ ಉಬ್ಬಿ ನಿಂತಿರುವುದರಿಂದ ಮೇಲಿನದು ಅದಕ್ಕೆ ಹೇಗೂ ಕಾಣುತ್ತದೆ. ಹಾಗಾಗಿ ಕಪ್ಪೆ ಹಾವಿಗೆ ನಮಸ್ಕರಿಸುತ್ತಿರುವಂತೆ, ಕೃತಜ್ಞತೆಯಿಂದ ಮೇಲೆ ದಿಟ್ಟಿಸುತ್ತಿರುವಂತೆ ಬರೆಯುವ ಅಗತ್ಯವೇ ಇಲ್ಲ. ಹೆದರಿದ ಕಪ್ಪೆ ನೆಲಕ್ಕೆ ಅಂಟಿಕೊಳ್ಳುತ್ತದೆ ಅಥವಾ ನೆಗೆಯಲು ಹಿಂಗಾಲುಗಳನ್ನು ಬಿಗಿಹಿಡಿಯುತ್ತದೆ. ನಮ್ಮ ಕಪ್ಪೆ ಮುಂಗಾಲುಗಳನ್ನು ಊರಿ, ಹೊಟ್ಟೆಯ ಭಾರವನ್ನು ನೆಲಕ್ಕೆ ಬಿಟ್ಟು, ಒಂದು ಹಿಂಗಾಲನ್ನು ಸಡಿಲವಾಗಿ ಚಾಚಿ ಕುಳಿತಿರಲಿ. ಕಾಲು ಚಾಚಿದ ಕಪ್ಪೆ ತಕ್ಷಣ ಓಡಲಾರದು ಎಂಬುದು ನೋಡುಗನ ದೇಹಕ್ಕೇ ಗೊತ್ತಾಗುತ್ತದೆ. ವಿಶ್ವಾಸವನ್ನು ತೋರಿಸಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಕಾಣುತ್ತಿಲ್ಲ. ಕಪ್ಪೆಯ ಬಾಯಿಯ ಗೆರೆ ತಾನಾಗಿಯೇ ಅಗಲ, ಅದರ ತುದಿಗಳನ್ನು ತುಸು ಮೇಲೆತ್ತಿದರೆ ನಗುವಾಗುತ್ತದೆ. ಎತ್ತಬೇಡಿ. ನಗು ಬಂದ ಕೂಡಲೆ ನೋಡುಗನಿಗೆ ಕಂಡುಹಿಡಿಯಲು ಏನೂ ಉಳಿಯುವುದಿಲ್ಲ.

ಪ್ರಾಣಿಗಳನ್ನು ಮನುಷ್ಯರಂತೆ ನಡೆಸಲೇಬಾರದು ಎಂದು ಇದರ ಅರ್ಥವಲ್ಲ. ಜಪಾನಿನ ಕ್ಯೋಟೋದ ಕೋಝಾನ್‌ಜಿ ದೇವಾಲಯಕ್ಕೆ ಸೇರಿದ, 12 ಮತ್ತು 13ನೇ ಶತಮಾನಗಳದ್ದೆಂದು ಹೇಳಲಾಗುವ ಚೋಜು ಗಿಗಾ ಎಂಬ ಸುರುಳಿಚಿತ್ರಗಳಲ್ಲಿ ಕಪ್ಪೆ ಮೊಲವನ್ನು ಕುಸ್ತಿಯಲ್ಲಿ ಕೆಡವುತ್ತದೆ, ಮೊಲಗಳು ಬಿಲ್ಲು ಹಿಡಿಯುತ್ತವೆ. ಆ ಸುರುಳಿಗಳಲ್ಲಿ ಬರಹವೇ ಇಲ್ಲ. ಮಸಿಯ ಗೆರೆಗಳಷ್ಟೇ ಎಲ್ಲವನ್ನೂ ಹೇಳುತ್ತವೆ. ವಿಡಂಬನೆಗೆ ಆ ದಾರಿ ಸರಿ. ಕರುಣೆಯ ಕಥೆಗೆ ಪ್ರಾಣಿ ಪ್ರಾಣಿಯಾಗಿಯೇ ಇದ್ದರೆ ಮೇಲು.

ಕರಡುಗಳು ಮತ್ತು ನೋಟದ ಕೋನ

ಬೆಂಕಿಪೊಟ್ಟಣದಷ್ಟು ಸಣ್ಣ ಚೌಕಗಳಲ್ಲಿ ಬಿಳಿ, ಬೂದು, ಕಪ್ಪು ಎಂಬ ಮೂರೇ ಛಾಯೆಗಳಲ್ಲಿ ಹಲವು ಕರಡುಗಳನ್ನು ಮಾಡಿ. ಬಿಸಿಲಿನ ಮರಳು ಬಿಳಿ, ನೆರಳು ಬೂದು, ಕಪ್ಪೆ ಅದಕ್ಕಿಂತ ಕಡು. ಈ ಹಂತದಲ್ಲಿ ತೀರ್ಮಾನವಾಗಬೇಕಾದ ಮುಖ್ಯ ಸಂಗತಿ ನೋಟದ ಕೋನ. ನೇರವಾಗಿ ಮೇಲಿನಿಂದ ನೋಡಿದರೆ ಹೆಡೆಯ ನೆರಳಿನ ಆಕಾರ ಸ್ಫುಟವಾಗಿ ಕಾಣುತ್ತದೆ, ಆದರೆ ಕಪ್ಪೆ ಚಪ್ಪಟೆಯಾಗಿ, ಯಾರೋ ಬಗ್ಗಿ ನೋಡುತ್ತಿರುವ ವಸ್ತುವಾಗುತ್ತದೆ. ಕಪ್ಪೆಯ ಕಣ್ಣಿನ ಮಟ್ಟಕ್ಕೆ ಇಳಿದರೆ ಅದಕ್ಕೆ ಗೌರವ ಬರುತ್ತದೆ, ಆದರೆ ನೆರಳು ಒಂದು ಕಪ್ಪು ಗೆರೆಯಾಗಿ ಕುಗ್ಗುತ್ತದೆ. ಸುಮಾರು 40 ಡಿಗ್ರಿ ಇಳಿಜಾರಿನಿಂದ ನೋಡಿದರೆ ಎರಡೂ ಉಳಿಯುತ್ತವೆ.

ಪುಟ್ಟತನ ತಾನಾಗಿ ಕಾಣುವುದಿಲ್ಲ, ಅದನ್ನು ಅಳತೆಯಿಂದ ಕಟ್ಟಬೇಕು. ಕಪ್ಪೆ ಚೌಕಟ್ಟಿನ ಅಗಲದ ಐದನೇ ಒಂದು ಭಾಗಕ್ಕಿಂತ ದೊಡ್ಡದಾಗದಿರಲಿ, ಮತ್ತು ಚೌಕಟ್ಟಿನ ಕೆಳಗಿನ ಮೂರನೇ ಒಂದು ಭಾಗದಲ್ಲಿ ಇರಲಿ. ಅಳತೆಗೆ ಗುರುತಾಗಿ ಮರಳಿನ ದಪ್ಪ ಹರಳುಗಳು, ಒಂದೆರಡು ನುಣುಪುಗಲ್ಲುಗಳು ಸಾಕು. ಮಾವಿನ ಎಲೆ ಇಟ್ಟರೆ ತೋರಣ ನೆನಪಾಗುತ್ತದೆ, ಬಿಲ್ವಪತ್ರೆ ಇಟ್ಟರೆ ಪೂಜೆ ನೆನಪಾಗುತ್ತದೆ. ಅಳತೆಗೆಂದು ತಂದ ವಸ್ತು ಅರ್ಥವನ್ನು ಹೊತ್ತು ತರುವ ಅಪಾಯ ಯಾವಾಗಲೂ ಇರುತ್ತದೆ. ಹಾವಿನ ನೆರಳು ಬಲ ಅಂಚಿನಿಂದ ಒಳಗೆ ಬರಲಿ: ಮೊದಲು ಸಪೂರವಾದ ಕುತ್ತಿಗೆ, ಆಮೇಲೆ ಅರಳಿದ ಹೆಡೆ, ತುದಿಯಲ್ಲಿ ತಲೆ.

ಬಿಸಿಲಿನ ಲೆಕ್ಕ

ಐತಿಹ್ಯದಲ್ಲಿ ನಡುಹಗಲು. ಆದರೆ ಚಿತ್ರಕಾರ ಅದನ್ನು ಹಾಗೆಯೇ ಒಪ್ಪಿಕೊಳ್ಳುವಂತಿಲ್ಲ. ಎತ್ತಿದ ಹೆಡೆ ಹೆಚ್ಚುಕಡಿಮೆ ಲಂಬವಾದ ಹಲಗೆ. ಸೂರ್ಯ ನೆತ್ತಿಯ ಮೇಲಿದ್ದರೆ ಲಂಬವಾದ ಹಲಗೆಯ ನೆರಳು ನೆಲದ ಮೇಲೆ ಒಂದು ಸಣ್ಣ ಪಟ್ಟಿಯಷ್ಟೇ. ಹೆಡೆ ಹೆಡೆಯಾಗಿ ಕಾಣಬೇಕಾದರೆ ಸೂರ್ಯ ಸುಮಾರು 45 ಡಿಗ್ರಿ ಎತ್ತರದಲ್ಲಿರಬೇಕು. ಆಗ ನೆರಳಿನ ಉದ್ದ ವಸ್ತುವಿನ ಎತ್ತರಕ್ಕೆ ಸಮ: 40 ಸೆಂಟಿಮೀಟರ್ ಎತ್ತರಕ್ಕೆ ಹೆಡೆಯೆತ್ತಿದ ಹಾವು, ತಾನು ನಿಂತ ಜಾಗದಿಂದ 40 ಸೆಂಟಿಮೀಟರ್ ದೂರಕ್ಕೆ ತಲೆಯ ನೆರಳನ್ನು ಚೆಲ್ಲುತ್ತದೆ. ಹಾವು ಚೌಕಟ್ಟಿನ ಹೊರಗೇ ಉಳಿಯಲು ಈ ದೂರ ಅನುಕೂಲವೂ ಹೌದು.

ನೆರಳಿನ ಅಂಚು ಎಷ್ಟು ಮೃದುವಾಗಿರಬೇಕು ಎಂಬುದನ್ನೂ ಊಹೆಗೆ ಬಿಡಬೇಕಾಗಿಲ್ಲ. ಆಕಾಶದಲ್ಲಿ ಸೂರ್ಯಬಿಂಬ ಸುಮಾರು ಅರ್ಧ ಡಿಗ್ರಿ ಅಗಲ ಇರುವುದರಿಂದ, ವಸ್ತುವಿನಿಂದ ನೆರಳಿಗೆ ಇರುವ ದೂರದ ಸುಮಾರು 108ನೇ ಒಂದು ಭಾಗದಷ್ಟು ಅಂಚು ಮಸುಕಾಗುತ್ತದೆ. 45 ಡಿಗ್ರಿಯ ಕಿರಣದ ಹಾದಿಯಲ್ಲಿ ಈ ದೂರ ಸುಮಾರು 57 ಸೆಂಟಿಮೀಟರ್, ಮಸುಕು 5 ಮಿಲಿಮೀಟರಿನಷ್ಟು. 3000 ಪಿಕ್ಸೆಲ್ ಅಗಲದ ಕ್ಯಾನ್ವಾಸಿನಲ್ಲಿ ನಮ್ಮ ಆರು ಸೆಂಟಿಮೀಟರಿನ ಕಪ್ಪೆ 600 ಪಿಕ್ಸೆಲ್ ಆಕ್ರಮಿಸಿದರೆ ಒಂದು ಸೆಂಟಿಮೀಟರಿಗೆ 100 ಪಿಕ್ಸೆಲ್, ಅಂದರೆ ನೆರಳಿನಂಚಿನ ಮಸುಕು ಸುಮಾರು 50 ಪಿಕ್ಸೆಲ್. ಚೌಕಟ್ಟಿನ ಬಲಕ್ಕೆ, ಹಾವಿನ ಬುಡದ ಕಡೆಗೆ ಹೋದಂತೆ ಅಂಚು ಚೂಪಾಗಬೇಕು. ಈ ವ್ಯತ್ಯಾಸವನ್ನು ಪಾಲಿಸಿದರೆ ಹಾವು ಎಲ್ಲಿ, ಎಷ್ಟು ದೂರದಲ್ಲಿದೆ ಎಂಬುದು ನೋಡುಗನಿಗೆ ಹೇಳದೆಯೇ ತಿಳಿಯುತ್ತದೆ.

ಇನ್ನೆರಡು ಎಚ್ಚರಿಕೆಗಳು. ನಾಗರಹಾವಿನ ಹೆಡೆಯ ಮೇಲಿನ ಕನ್ನಡಕದ ಗುರುತು ಚರ್ಮದ ಬಣ್ಣ, ಅದು ನೆರಳಿನಲ್ಲಿ ಕಾಣುವುದಿಲ್ಲ. ಹಾಗೆಯೇ ನೆರಳಿನ ತುದಿಯಲ್ಲಿ ಚಾಚಿದ ನಾಲಿಗೆಯನ್ನು ಬರೆಯಬೇಡಿ. ಹಾವು ವಾಸನೆ ಹಿಡಿಯಲು ನಾಲಿಗೆ ಚಾಚುವುದಾದರೂ ನೋಡುಗ ಅದನ್ನು ದಾಳಿಯೆಂದೇ ಓದುತ್ತಾನೆ, ಒಮ್ಮೆ ಹಾಗೆ ಓದಿದ ಮೇಲೆ ಚಿತ್ರ ತಿರುಗುವುದಿಲ್ಲ.

ಕ್ಯಾನ್ವಾಸ್, ಲೇಯರ್

ಕ್ಯಾನ್ವಾಸ್ 3000×3750 ಪಿಕ್ಸೆಲ್, 300 ಪಿಪಿಐ (ಇಂಚಿಗೆ 300 ಪಿಕ್ಸೆಲ್), ಬಣ್ಣದ ವ್ಯವಸ್ಥೆ ಎಸ್‌ಆರ್‌ಜಿಬಿ. ಇದು 10×12.5 ಇಂಚಿನ ಮುದ್ರಣಕ್ಕೆ ಸಾಕು. ಐಪ್ಯಾಡಿನಲ್ಲಿ ಕ್ಯಾನ್ವಾಸ್ ದೊಡ್ಡದಾದಷ್ಟೂ ಲೇಯರುಗಳ ಮಿತಿ ಇಳಿಯುತ್ತದೆ ಎಂಬುದು ನೆನಪಿರಲಿ, ಆದರೆ ಈ ಚಿತ್ರಕ್ಕೆ ಹತ್ತರೊಳಗೆ ಕೆಲಸ ಮುಗಿಯುತ್ತದೆ.

ಕೆಳಗಿನಿಂದ ಮೇಲಕ್ಕೆ: ಮರಳಿನ ಮೂಲಬಣ್ಣ; ಮರಳಿನ ಹರಳು; ಕಪ್ಪೆಯ ಮೂಲಬಣ್ಣ; ಅದಕ್ಕೆ ಕ್ಲಿಪ್ ಮಾಡಿದ, ಅಂದರೆ ಅದರ ಆಕಾರದೊಳಗೆ ಮಾತ್ರ ಕಾಣುವ ಚರ್ಮದ ಮಚ್ಚೆಗಳು; ಎಲ್ಲದರ ಮೇಲೆ ಹೆಡೆಯ ನೆರಳು ಮಲ್ಟಿಪ್ಲೈ ಮೋಡಿನಲ್ಲಿ; ಅದರ ಮೇಲೆ ಆಕಾಶದ ಬೆಳಕು, ನೆಲದಿಂದ ಪುಟಿದ ಬೆಳಕು; ಕೊನೆಗೆ ಕಣ್ಣು. ಕ್ರಿತಾದಲ್ಲಿ ಕ್ಲಿಪ್ಪಿಂಗ್ ಬದಲು ಲೇಯರುಗಳನ್ನು ಒಂದು ಗುಂಪಿನಲ್ಲಿಟ್ಟು ಇನ್‌ಹೆರಿಟ್ ಆಲ್ಫಾ ಬಳಸಬೇಕು.

ಹೆಡೆಯ ನೆರಳು ಮರಳಿಗೂ ಕಪ್ಪೆಗೂ ಸೇರಿ ಒಂದೇ ಲೇಯರಾಗಿರಬೇಕೆಂದು ನಾನು ಒತ್ತಿ ಹೇಳಲು ಕಾರಣವಿದೆ. ಮಲ್ಟಿಪ್ಲೈ ಮೋಡ್ ಕೆಳಗಿನ ಬಣ್ಣದ ಬೆಲೆಯನ್ನು ಮೇಲಿನದರಿಂದ ಗುಣಿಸುತ್ತದೆ: ಸೊನ್ನೆಯಿಂದ ಒಂದರವರೆಗಿನ ಅಳತೆಯಲ್ಲಿ ಮರಳಿನ 0.8 ಅನ್ನು ನೆರಳಿನ 0.5 ಗುಣಿಸಿದರೆ 0.4 ಆಗುತ್ತದೆ, ಕಪ್ಪೆಯ 0.5 ಇದ್ದದ್ದು 0.25 ಆಗುತ್ತದೆ. ಎರಡೂ ಒಂದೇ ಪ್ರಮಾಣದಲ್ಲಿ ಕುಗ್ಗುವುದರಿಂದ ಅವು ಒಂದೇ ನೆರಳಿಗೆ ಸೇರಿದವು ಎಂದು ಕಣ್ಣು ನಂಬುತ್ತದೆ. ಬೇರೆ ಬೇರೆ ಲೇಯರುಗಳಲ್ಲಿ ಕೈಯಂದಾಜಿನಿಂದ ಮಾಡಿದರೆ ಕಪ್ಪೆ ನೆರಳಿನೊಳಗೆ ಕುಳಿತಂತೆ ಕಾಣದೆ, ಮೇಲೆ ಅಂಟಿಸಿದಂತೆ ಕಾಣುತ್ತದೆ.

ತಂಪು ನೆರಳು, ಸುಡುವ ಬೆಳಕು

ಬೆಳಕನ್ನು ಶುಭಕ್ಕೂ ಕತ್ತಲನ್ನು ಕೆಡುಕಿಗೂ ಕಟ್ಟಿಹಾಕುವುದು ಚಿತ್ರಭಾಷೆಯ ರೂಢಿ. ಈ ಚಿತ್ರದಲ್ಲಿ ಅದನ್ನು ತಲೆಕೆಳಗು ಮಾಡಬೇಕು, ಮತ್ತು ನಮ್ಮ ಏಪ್ರಿಲ್ ಬಿಸಿಲನ್ನು ಬಲ್ಲವರಿಗೆ ಅದು ಕಷ್ಟವಾಗಬಾರದು. ಬಿಸಿಲಿನ ಮರಳನ್ನು ಹಿತವಾದ ಹೊಂಬಣ್ಣಕ್ಕೆ ಬಿಡದೆ, ಬಣ್ಣವೇ ಸುಟ್ಟುಹೋದಂತೆ, ಬಿಳಿಚಿಕೊಂಡ ಹಳದಿಗೆ ಒಯ್ಯಿರಿ. ಅಲ್ಲಿ ವಿವರಗಳು ಕಡಿಮೆ ಇರಲಿ, ಕಣ್ಣು ಅಲ್ಲಿ ನಿಲ್ಲಲಾಗದಂತೆ ಇರಲಿ. ವಿವರಗಳೆಲ್ಲ ನೆರಳಿನೊಳಗೆ ಇರಲಿ: ಮರಳಿನ ಹರಳು, ಚರ್ಮದ ಮಡಿಕೆ, ಬೆರಳಿನ ಪೊರೆ. ನೋಡುಗನ ಕಣ್ಣು ವಿಶ್ರಮಿಸಲು ನೆರಳಿಗೇ ಬರಬೇಕು, ಕಪ್ಪೆ ಬಂದಂತೆ.

ನೆರಳಿನ ಬಣ್ಣಕ್ಕೆ ತುಸು ನೀಲಿ ಬೆರೆತ ಬೂದನ್ನು ಆರಿಸಿ. ನೇರ ಬಿಸಿಲು ತಡೆದಾಗ ಅಲ್ಲಿಗೆ ತಲುಪುವುದು ನೀಲಿ ಆಕಾಶದ ಬೆಳಕು, ಅದರ ಜೊತೆಗೆ ಸುತ್ತಲಿನ ಬಿಸಿ ಮರಳಿನಿಂದ ಪುಟಿದು ಬರುವ ಹಳದಿ. ಆದ್ದರಿಂದ ಕಪ್ಪೆಯ ಬೆನ್ನಿನ ಮೇಲೆ ತಂಪು ಬಣ್ಣ, ಹೊಟ್ಟೆಯ ಕೆಳಭಾಗದಲ್ಲಿ ಬೆಚ್ಚನೆಯ ಬಣ್ಣ ಬರುತ್ತದೆ. ಹೊಟ್ಟೆಯ ಉಬ್ಬನ್ನು ಈ ಬೆಚ್ಚನೆಯ ಬೆಳಕಿನಿಂದಲೇ ತೋರಿಸಿ, ಗೆರೆಯಿಂದ ಬೇಡ.

ಕಪ್ಪೆಯ ಚರ್ಮ ಒದ್ದೆ, ಆದ್ದರಿಂದ ಹೊಳಪು ಬೇಕು ಎಂದು ಬೆನ್ನ ಮೇಲೆ ಬಿಳಿ ಚುಕ್ಕೆಗಳನ್ನು ಇಡುವವರೇ ಹೆಚ್ಚು. ಚೂಪಾದ ಬಿಳಿ ಹೊಳಪು ಸೂರ್ಯಬಿಂಬದ ಪ್ರತಿಫಲನ. ನೆರಳಿನಲ್ಲಿ ಕುಳಿತ ಕಪ್ಪೆಗೆ ಸೂರ್ಯನೇ ಕಾಣುವುದಿಲ್ಲವಾದ್ದರಿಂದ ಅಂಥ ಹೊಳಪು ಅಲ್ಲಿ ಸುಳ್ಳು. ಅಗಲವಾದ, ಮಸುಕಾದ, ನೀಲಿ ಬೆರೆತ ಹೊಳಪು ಮಾತ್ರ ಸರಿ. ಆದರೆ ಚಾಚಿದ ಹಿಂಗಾಲಿನ ಒಂದು ಬೆರಳನ್ನು ನೆರಳಿನಿಂದ ಹೊರಗೆ, ಬಿಸಿಲಿಗೆ ಬಿಡಿ. ಇಡೀ ಚಿತ್ರದ ಏಕೈಕ ಚೂಪಾದ ಬಿಳಿ ಚುಕ್ಕೆ ಆ ಬೆರಳಿನ ಮೇಲಿರಲಿ. ಬಿಸಿಲು ಎಷ್ಟು ಹತ್ತಿರದಲ್ಲಿದೆ, ಆಸರೆ ಎಷ್ಟು ಕಿರಿದಾಗಿದೆ ಎಂಬುದನ್ನು ಆ ಒಂದು ಬೆರಳು ಹೇಳುತ್ತದೆ. ನೆರಳಿನಂಚು ಕಾಲಿನ ಮೇಲೆ ಹಾದುಹೋಗುವಲ್ಲಿ ಕಾಲಿನ ಉರುಟುತನಕ್ಕೆ ತಕ್ಕಂತೆ ಬಾಗಬೇಕು.

ಕಾಲ ಸರಿದ ಗುರುತು

ನಿಂತ ಚಿತ್ರದಲ್ಲಿ ಕಾಲವನ್ನು ತೋರಿಸುವುದು ಸಂಕೇತದ ಕೆಲಸಗಳಲ್ಲೆಲ್ಲ ಕಠಿಣವಾದದ್ದು. ಹಾವು ಇದೀಗ ಬಂದು ನಿಂತಿದ್ದರೆ ಅದು ಬೇಟೆಯೂ ಆಗಿರಬಹುದು. ಬಹಳ ಹೊತ್ತಿನಿಂದ ನಿಂತಿದ್ದರೆ ಮಾತ್ರ ಅದು ಕರುಣೆ.

ಇದಕ್ಕೆ ಎರಡು ಗುರುತುಗಳನ್ನು ಬಳಸಬಹುದು. ಮೊದಲನೆಯದು ತೇವ. ನೆರಳಿನೊಳಗಿನ ಮರಳು ಇನ್ನೂ ಒದ್ದೆಯಾಗಿರಲಿ, ಹೊರಗಿನದು ಸಂಪೂರ್ಣ ಒಣಗಿರಲಿ. ಒದ್ದೆ ಮರಳು ಒಣ ಮರಳಿಗಿಂತ ಕಡು, ಬಣ್ಣವೂ ಗಾಢ. ಆದ್ದರಿಂದ ಮಲ್ಟಿಪ್ಲೈ ಲೇಯರಿನ ಕೆಳಗೆ, ಮರಳಿನ ಲೇಯರಿನಲ್ಲಿಯೇ ಈ ತೇವದ ಪಟ್ಟಿಯನ್ನು ಬರೆಯಬೇಕು. ತೇವದ ಅಂಚು ನೆರಳಿನ ಅಂಚಿಗೆ ಪೂರ್ತಿ ಹೊಂದದೆ, ಒಂದು ಬದಿಯಲ್ಲಿ ತುಸು ಹೊರಗೆ ಚಾಚಿಕೊಂಡಿರಲಿ, ಏಕೆಂದರೆ ನೆರಳು ಸರಿದ ಜಾಗ ಒಣಗಲು ಸ್ವಲ್ಪ ಹೊತ್ತು ಬೇಕು.

ಎರಡನೆಯದು ಹಾವಿನ ಜಾಡು. ಭೂಮಿ ಗಂಟೆಗೆ 15 ಡಿಗ್ರಿಯಷ್ಟು ತಿರುಗುತ್ತದೆ; ಕಪ್ಪೆ ಕುಳಿತಲ್ಲೇ ಕುಳಿತಿದ್ದು ನೆರಳು ಅದರ ಮೇಲೆಯೇ ಉಳಿಯಬೇಕಾದರೆ ಹಾವು ಸೂರ್ಯನ ಜೊತೆಗೆ ಸರಿಯುತ್ತಿರಬೇಕು. ಅಂದರೆ ಕಪ್ಪೆಯನ್ನು ಕೇಂದ್ರವಾಗಿಟ್ಟುಕೊಂಡು ಮರಳಿನ ಮೇಲೆ ಒಂದು ಕಮಾನಿನ ಜಾಡು ಉಳಿದಿರುತ್ತದೆ. ಆ ಜಾಡು ಚಿತ್ರದ ಮೇಲ್ಭಾಗದಲ್ಲಿ ಕಾಣಿಸಿಕೊಂಡು, ಬಾಗುತ್ತ ಬಲ ಅಂಚಿನಿಂದ ಹೊರಗೆ ಹೋಗಲಿ. ಜಾಡಿನ ತಗ್ಗಿನಲ್ಲಿ ಸೂರ್ಯನ ಕಡೆಯ ಅಂಚಿಗೆ ನೆರಳು, ಎದುರಿನ ಅಂಚಿಗೆ ಬೆಳಕು ಬರಬೇಕು. ಇದು ತಿರುಗುಮುರುಗಾದರೆ ತಗ್ಗು ದಿಣ್ಣೆಯಾಗಿ ಕಾಣುತ್ತದೆ. ಜಾಡನ್ನು ಮೊದಲ ನೋಟಕ್ಕೆ ಬೀಳದಷ್ಟು ಮಸುಕಾಗಿ, 15ರಿಂದ 20 ಶೇಕಡಾ ಒಪಾಸಿಟಿಯಲ್ಲಿ ಇಡುವುದು ನನ್ನ ಆಯ್ಕೆ. ಎಲ್ಲ ನೋಡುಗರಿಗೂ ಅದು ಕಾಣಬೇಕಾಗಿಲ್ಲ, ಕಂಡವರಿಗೆ ಚಿತ್ರ ಇನ್ನೊಮ್ಮೆ ತೆರೆದುಕೊಳ್ಳುತ್ತದೆ.

ಕಣ್ಣು

ಜರ್ಮನ್ ಕಲಾವಿದ ಆಲ್ಬ್ರೆಕ್ಟ್ ಡ್ಯೂರರ್ 1502ರಲ್ಲಿ ಜಲವರ್ಣದಲ್ಲಿ ಬರೆದ ಮೊಲ ಈಗ ವಿಯೆನ್ನಾದ ಆಲ್ಬರ್ಟಿನಾ ಸಂಗ್ರಹಾಲಯದಲ್ಲಿದೆ. ಅದರ ಹಿನ್ನೆಲೆ ಖಾಲಿ, ಆದರೆ ಮೊಲದ ಕಣ್ಣಿನಲ್ಲಿ ಒಂದು ಕಿಟಕಿಯ ಪ್ರತಿಬಿಂಬವಿದೆ. ಚಿತ್ರದಲ್ಲಿ ಇಲ್ಲದ ಕೋಣೆಯೊಂದು ಆ ಕಣ್ಣಿನೊಳಗೆ ಇದೆ. ಚೌಕಟ್ಟಿನ ಹೊರಗಿನದನ್ನು ಒಳಗೆ ತರಲು ಪುಟ್ಟ ಪ್ರಾಣಿಯ ಕಣ್ಣಿಗಿಂತ ಒಳ್ಳೆಯ ಜಾಗವಿಲ್ಲ.

ನಮ್ಮ ಕಪ್ಪೆಯ ಕಣ್ಣಿನಲ್ಲಿ ಆಕಾಶದ ತಿಳಿ ತುಣುಕೊಂದು ಮೂಡಲಿ, ಆ ತುಣುಕಿನ ನಡುವೆ ಹೆಡೆಯ ಕಪ್ಪು ಆಕೃತಿ ನಿಂತಿರಲಿ. ಕಣ್ಣಿನ ಮೇಲ್ಮೈ ಉಬ್ಬುಗನ್ನಡಿಯಂತೆ ಕೆಲಸ ಮಾಡುವುದರಿಂದ ಬಿಂಬ ನೆಟ್ಟಗೆ, ಆದರೆ ಬಹಳ ಚಿಕ್ಕದಾಗಿ, ಕಣ್ಣಿನ ಉರುಟಿಗೆ ತಕ್ಕಂತೆ ಬಾಗಿರುತ್ತದೆ. 600 ಪಿಕ್ಸೆಲ್ ಕಪ್ಪೆಯ ಕಣ್ಣು ಸುಮಾರು 70 ಪಿಕ್ಸೆಲ್ ಅಗಲವಿದ್ದರೆ ಹೆಡೆಗೆ ಸಿಗುವುದು ಹತ್ತು ಹನ್ನೆರಡು ಪಿಕ್ಸೆಲ್ ಮಾತ್ರ. ಅದನ್ನು ಸಾಕಷ್ಟು ಹಿಗ್ಗಿಸಿಕೊಂಡು ಬರೆಯಿರಿ, ಆದರೆ ಪ್ರತಿ ಗೀಟಿನ ನಂತರ ಚಿತ್ರವನ್ನು ಪೂರ್ಣ ಗಾತ್ರಕ್ಕೆ ತಂದು ನೋಡಿ. ಹತ್ತಿರದಿಂದ ಹೆಡೆಯಾಗಿ ಕಂಡದ್ದು ದೂರದಿಂದ ಕಸವಾಗಿ ಕಾಣುವ ಸಾಧ್ಯತೆ ಹೆಚ್ಚು. ರೆಪ್ಪೆಯನ್ನು ಅರ್ಧ ಇಳಿಸಿದರೆ ನೆಮ್ಮದಿ ಹೆಚ್ಚಾಗುತ್ತದೆ, ಬಿಂಬಕ್ಕೆ ಜಾಗ ಕಡಿಮೆಯಾಗುತ್ತದೆ. ಇವೆರಡರಲ್ಲಿ ಒಂದನ್ನೇ ಆರಿಸಬೇಕಾಗಿ ಬಂದರೆ ನಾನು ಬಿಂಬವನ್ನು ಉಳಿಸಿಕೊಳ್ಳುತ್ತೇನೆ.

ಪರೀಕ್ಷೆ ಮತ್ತು ಫೈಲು

ಎಲ್ಲದರ ಮೇಲೆ ಬೂದು ತುಂಬಿದ ಲೇಯರೊಂದನ್ನು ಕಲರ್ ಮೋಡಿನಲ್ಲಿಟ್ಟು ಚಿತ್ರವನ್ನು ಬಣ್ಣವಿಲ್ಲದೆ ನೋಡಿ. ನೆರಳಿನೊಳಗಿನ ಅತ್ಯಂತ ತಿಳಿಯಾದ ಮರಳು, ಬಿಸಿಲಿನ ಅತ್ಯಂತ ಕಡು ಮರಳಿಗಿಂತಲೂ ಕಡುವಾಗಿರಬೇಕು. ಹಾಗಿಲ್ಲದಿದ್ದರೆ ನೆರಳು ಒಡೆದು ಮಚ್ಚೆಗಳಾಗುತ್ತದೆ. ಆಮೇಲೆ ಚಿತ್ರವನ್ನು ಎಡಬಲ ತಿರುಗಿಸಿ, ಕಪ್ಪೆಯ ಎರಡು ಕಣ್ಣುಗಳ ಎತ್ತರ ಹೊಂದಿದೆಯೇ ಎಂದು ಪರಿಶೀಲಿಸಿ.

ಐತಿಹ್ಯ ಗೊತ್ತಿಲ್ಲದವರಿಗೆ ಶೀರ್ಷಿಕೆಯಿಲ್ಲದೆ ಚಿತ್ರವನ್ನು ತೋರಿಸಿ, ಏನು ನಡೆಯುತ್ತಿದೆ ಎಂದು ಮಾತ್ರ ಕೇಳಿ. ಚೆನ್ನಾಗಿದೆಯೇ ಎಂದು ಕೇಳಬೇಡಿ. ಹಾವು ಹಿಡಿಯಲು ಬಂದಿದೆ ಎಂದು ಹೇಳಿ ಅಲ್ಲಿಗೇ ನಿಲ್ಲಿಸಿದರೆ ತೇವದ ಪಟ್ಟಿ ಸಾಕಷ್ಟು ಕಾಣುತ್ತಿಲ್ಲ ಅಥವಾ ಕಪ್ಪೆಯ ಭಂಗಿ ಬಿಗಿಯಾಗಿದೆ ಎಂದರ್ಥ. ಮೊದಲು ಹಾಗೆಂದು, ಕೊಂಚ ತಡೆದು ಮಾತು ಬದಲಿಸಿದರೆ ಸಾಕ್ಷ್ಯಗಳು ಸರಿಯಾದ ಕ್ರಮದಲ್ಲಿವೆ. ನೆರಳು ಹೆಡೆಯೆಂದೇ ತಿಳಿಯದಿದ್ದರೆ ಕುತ್ತಿಗೆಯನ್ನು ಇನ್ನಷ್ಟು ಸಪೂರ ಮಾಡಿ. ಆಕಾರವನ್ನು ಗುರುತಿಸುವುದು ಹೆಡೆಯ ಅಗಲದಿಂದಲ್ಲ, ಅಗಲಕ್ಕೂ ಕುತ್ತಿಗೆಗೂ ಇರುವ ವ್ಯತ್ಯಾಸದಿಂದ.

ಶೀರ್ಷಿಕೆಯಲ್ಲಿ ಹಾವು ಎಂಬ ಮಾತು ಬರದಿರಲಿ. ಸ್ಥಳ ಮತ್ತು ಹೊತ್ತು ಸಾಕು: ತುಂಗಾ ತೀರ, ಹಗಲು. ಲೇಯರುಗಳಿರುವ ಮೂಲ ಫೈಲನ್ನು ಹಾಗೆಯೇ ಕಾದಿರಿಸಿ, ಮುದ್ರಣಕ್ಕೆ ಪೂರ್ಣ ಗಾತ್ರದ ಪಿಎನ್‌ಜಿ ಪ್ರತಿಯನ್ನೂ, ಜಾಲದಲ್ಲಿ ಹಂಚಲು ಉದ್ದದ ಬದಿ 2000 ಪಿಕ್ಸೆಲ್ ಇರುವ ಜೆಪಿಇಜಿ ಪ್ರತಿಯನ್ನೂ ತೆಗೆಯಿರಿ. ಚಿಕ್ಕ ಪ್ರತಿಯಲ್ಲಿ ಕಣ್ಣಿನ ಬಿಂಬ ಅಳಿಸಿಹೋಗುವುದರಿಂದ, ಕಣ್ಣಿನ ಭಾಗವನ್ನಷ್ಟೇ ಕತ್ತರಿಸಿದ ಎರಡನೆಯ ಚಿತ್ರವೊಂದನ್ನು ಅದರ ಜೊತೆಗೆ ಸೇರಿಸಿ.